ವಾಲ್ವ್ ಗಿಟಾರ್ ಆಂಪ್ಲಿಫೈಯರ್: ಚಾಲೂ ಮಾಡುವ ಮುನ್ನ, ಬಂದ್ ಮಾಡಿದ ಮೇಲೆ

ಕಾರವಾರದಲ್ಲಿ ನನ್ನ ಬಳಿ ದುರಸ್ತಿಗೆ ಬರುವ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಗಿಟಾರ್ ಆಂಪ್ಲಿಫೈಯರ್‌ಗಳ ಜೊತೆಗೆ ಒಂದು ಪ್ರಶ್ನೆಯೂ ತಪ್ಪದೆ ಬರುತ್ತದೆ: ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ಎಷ್ಟು ಹೊತ್ತು ಹಾಗೆಯೇ ಇಡಬೇಕು? ವಾಲ್ವುಗಳು ಕಾಯುವವರೆಗೆ ಅವುಗಳಿಗೆ ಹೈ ವೋಲ್ಟೇಜ್ ಹೋಗದಂತೆ ತಡೆಯುವ ಆ ಸ್ವಿಚ್ಚಿಗೆ ಯೋಗ್ಯತೆ ಮೀರಿದ ಮರ್ಯಾದೆ ಸಿಕ್ಕಿದೆ ಎಂಬುದು ನನ್ನ ಅಭಿಪ್ರಾಯ. ನಾನು ನೋಡಿದ ಹೆಚ್ಚಿನ ಹಾನಿ ಆಗಿರುವುದು ಸ್ಪೀಕರ್ ಸಂಪರ್ಕ ತಪ್ಪಿದಾಗ, ಇಲ್ಲವೆ ಹೋದ ಕರೆಂಟು ಏಕಾಏಕಿ ಮರಳಿದಾಗ.

ಸ್ಪೀಕರಿನ ಹೊರೆ ಇಲ್ಲದೆ ವಾಲ್ವ್ ಆಂಪ್ಲಿಫೈಯರಿನಲ್ಲಿ ಗಿಟಾರ್ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ (ವಾಲ್ವಿನ ಕಡೆಯ) ಸುರುಳಿಯಲ್ಲಿ ಸಾವಿರಾರು ವೋಲ್ಟ್ ಏಳಬಹುದು. ಆಗ ತಂತಿಯ ಮೇಲಿನ ಲೇಪ ಸೀಳುತ್ತದೆ, ಅಥವಾ ವಾಲ್ವಿನ ಸಾಕೆಟ್ಟಿನಲ್ಲಿ ಕಿಡಿ ಹಾರಿ ಎರಡು ಪಿನ್‌ಗಳ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಆ ಗೆರೆ ಇಂಗಾಲದ್ದು. ಒಮ್ಮೆ ಮೂಡಿದ ಮೇಲೆ ವಿದ್ಯುತ್ತಿಗೆ ಅದೇ ಹಾದಿಯಾಗುತ್ತದೆ. ಆದ್ದರಿಂದ ಮೊದಲು ಸ್ಪೀಕರ್, ಅನಂತರ ಕರೆಂಟು. 8 ಓಮ್ ಸ್ಪೀಕರನ್ನು 8 ಓಮ್ ಜ್ಯಾಕಿಗೇ ಹಾಕಬೇಕು. ಗಿಟಾರ್ ಕೇಬಲ್ಲಿಗೂ ಸ್ಪೀಕರ್ ಕೇಬಲ್ಲಿಗೂ ತುದಿಯಲ್ಲಿರುವುದು ಅದೇ 6.35 ಮಿ.ಮೀ. ಪ್ಲಗ್ಗಾದ ಕಾರಣ ಗಡಿಬಿಡಿಯಲ್ಲಿ ಅದಲುಬದಲಾಗುವುದು ಸಹಜ; ಗಿಟಾರ್ ಕೇಬಲ್ಲಿನ ಒಳತಂತಿ ತೀರ ಸಪೂರವಾಗಿದ್ದು, ಸ್ಪೀಕರಿನ ಭಾರ ಹೊರಲು ಮಾಡಿದ್ದಲ್ಲ.

ಇನ್ನು ಸ್ಟ್ಯಾಂಡ್‌ಬೈ. ವಾಲ್ವಿನೊಳಗೆ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್ ಕಾಯುವ ಮೊದಲೇ, ಅವನ್ನು ಸೆಳೆಯುವ ಪ್ಲೇಟಿಗೆ ಹೈ ವೋಲ್ಟೇಜ್ ಬಂದರೆ ಕ್ಯಾಥೋಡಿನ ಲೇಪ ಕಿತ್ತುಹೋಗುತ್ತದೆ ಎಂಬ ಭಯ ಸಾವಿರಾರು ವೋಲ್ಟಿನಲ್ಲಿ ದುಡಿಯುವ ಪ್ರಸಾರ ಕೇಂದ್ರದ ದೊಡ್ಡ ವಾಲ್ವುಗಳಿಗೆ ಸಂಬಂಧಿಸಿದ್ದೇ ಹೊರತು, 400-500 ವೋಲ್ಟಿನ ಗಿಟಾರ್ ಆಂಪ್ಲಿಫೈಯರಿಗಲ್ಲ. ಫೆಂಡರ್ ಕಂಪನಿಯ ಚಾಂಪ್ ಎಂಬ ಪುಟ್ಟ ಆಂಪ್ಲಿಫೈಯರಿನಲ್ಲಿ ಈ ಸ್ವಿಚ್ಚೇ ಇರಲಿಲ್ಲ. ಸ್ವಿಚ್ ಇದ್ದರೆ ಒಂದು ನಿಮಿಷ ಕಾಯಿಸಿದರೆ ಸಾಕು. ಸ್ಟ್ಯಾಂಡ್‌ಬೈಯಲ್ಲೇ, ಅಂದರೆ ಕ್ಯಾಥೋಡನ್ನು ಕಾಯಿಸುವ ಹೀಟರ್ ಉರಿಯುತ್ತಿದ್ದು ಪ್ಲೇಟ್ ಕರೆಂಟ್ ಹರಿಯದೆ, ಗಂಟೆಗಟ್ಟಲೆ ಬಿಟ್ಟರೆ ಕ್ಯಾಥೋಡಿನಲ್ಲಿ ರೋಧಕ ಪದರವೊಂದು ಬೆಳೆದು ವಾಲ್ವ್ ನಿಧಾನವಾಗಿ ಬಲ ಕಳೆದುಕೊಳ್ಳುತ್ತದೆ. ಊಟದ ಬಿಡುವಿದ್ದರೆ ಪೂರ್ತಿ ಬಂದ್ ಮಾಡುವುದು ಲೇಸು.

ಮಳೆಗಾಲದ ನಮ್ಮ ಕರೆಂಟಿನ ವಿಷಯ ಬೇರೆ. ಕರೆಂಟು ಹೋಗಿ ಕೆಲವೇ ಸೆಕೆಂಡುಗಳಲ್ಲಿ ಮರಳಿದರೆ ವಾಲ್ವುಗಳಿನ್ನೂ ಬಿಸಿಯಾಗಿರುತ್ತವೆ, ವಿದ್ಯುತ್ತನ್ನು ಕೂಡಿಡುವ ಕೆಪಾಸಿಟರುಗಳು ಮಾತ್ರ ಬಹುಪಾಲು ಬರಿದಾಗಿರುತ್ತವೆ. ಅವನ್ನು ತುಂಬಿಸುವ ಒಮ್ಮೆಲೇ ನುಗ್ಗುವ ಕರೆಂಟು ಬೀಳುವುದು ಎಸಿಯನ್ನು ಡಿಸಿ ಮಾಡುವ, ಜಿಝೆಡ್34ನಂಥ ರೆಕ್ಟಿಫೈಯರ್ ವಾಲ್ವಿನ ಮೇಲೆ. ಹೀಗಾಗಿ ಕರೆಂಟು ಹೋದ ಕ್ಷಣವೇ ಆಂಪ್ಲಿಫೈಯರಿನ ಸ್ವಿಚ್ಚನ್ನು ಆರಿಸಬೇಕು. ಕರೆಂಟು ಬಂದು ಹತ್ತು ನಿಮಿಷ ಸ್ಥಿರವಾಗಿ ನಿಂತ ಮೇಲೆ ಮತ್ತೆ ಹಾಕಬಹುದು. ಚಪ್ಪರದ ತಾತ್ಕಾಲಿಕ ವೈರಿಂಗಿನಲ್ಲಿ ನ್ಯೂಟ್ರಲ್ ಸಡಿಲವಾದರೆ 230ರ ಬದಲು 400 ವೋಲ್ಟಿನ ಸಮೀಪಕ್ಕೂ ಏರಬಹುದು. ಮೀಟರ್ ಹಚ್ಚಿ ನೋಡದೆ ನಾನಂತೂ ಅಂಥ ಬೋರ್ಡಿಗೆ ಪ್ಲಗ್ ಚುಚ್ಚುವುದಿಲ್ಲ. ಹಮ್ (ಗುಂಯ್‌ಗುಡುವ ಸದ್ದು) ಬರುತ್ತದೆಂದು ಅರ್ತಿಂಗ್ ಪಿನ್ನನ್ನು ತೆಗೆದುಹಾಕುವ ಅಭ್ಯಾಸ ಪ್ರಾಣಕ್ಕೇ ಅಪಾಯ: ಒಳಗೆ ಲೈವ್ ತಂತಿ ಷಾಸಿಗೆ (ಲೋಹದ ಚೌಕಟ್ಟಿಗೆ) ತಾಗಿದರೆ ಕರೆಂಟು ಗಿಟಾರಿನ ಲೋಹದ ತಂತಿಗಳವರೆಗೂ ಬರುತ್ತದೆ.

ಕಾರ್ಯಕ್ರಮ ಮುಗಿದ ಕೂಡಲೇ ಬಿಸಿ ಆಂಪ್ಲಿಫೈಯರನ್ನು ವಾಹನಕ್ಕೆ ಹೇರಿ ದೇವಿಮನೆ ಘಾಟಿ ಹತ್ತಿಸಬಾರದು. ಒಳಗಿನ ಬಿಸಿ ಲೋಹದ ಭಾಗಗಳಿಗೆ ಕುಲುಕಾಟ ತಡೆಯುವುದು ಕಷ್ಟ. ಮಳೆಯಲ್ಲಿ ತಂದ ಅಥವಾ ಎಸಿ ಕಾರಿನಿಂದ ಇಳಿಸಿದ ಪೆಟ್ಟಿಗೆ ಕೋಣೆಯ ಶಾಖಕ್ಕೆ ಬಂದು ತೇವ ಆರುವ ತನಕ ಬಿಡಬೇಕು, ಏಕೆಂದರೆ ಉಪ್ಪುಗಾಳಿ ಕೂತ ಸಾಕೆಟ್ಟಿನಲ್ಲಿ ನೀರಿನ ಪಸೆ ಸೇರಿದರೆ ಹೈ ವೋಲ್ಟೇಜಿಗೆ ಅಷ್ಟೇ ಸಾಕು. ಚಾಲೂ ಇರುವಾಗ ಹಿಂಬದಿಯಿಂದ ನೋಡಿದರೆ ವಾಲ್ವಿನ ನಡುವಿನ ಕಿತ್ತಳೆ ಹೊಳಪು ಹೀಟರಿನದು, ಚಿಂತೆ ಬೇಡ. ಸುತ್ತಲಿನ ಬೂದು ಲೋಹದ ಪ್ಲೇಟೇ ಕೆಂಪಗಾಗಿದ್ದರೆ ತಕ್ಷಣ ಬಂದ್ ಮಾಡಿ ದುರಸ್ತಿಗೆ ತರಬೇಕು. ಪೆಟ್ಟಿಗೆಯನ್ನು ತಾವೇ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.