ಪದ ಪರಿಚಯ: ದೇವಭಯ

ಗುಡುಗು, ಮಿಂಚು, ತುತೂರಿಯ ಧ್ವನಿ, ಹೊಗೆಯಾಡುವ ಬೆಟ್ಟ ಇವೆಲ್ಲವನ್ನು ಕಂಡು ನಡುಗಿದ ಇಸ್ರಾಯೇಲ್ಯರು ಸೀನಾಯಿ ಬೆಟ್ಟದಿಂದ ದೂರ ಸರಿದು ನಿಂತಾಗ ಮೋಶೆ ಅವರಿಗೆ ಹೇಳಿದ ಮಾತು ವಿಮೋಚನಕಾಂಡ 20:20ರಲ್ಲಿದೆ. ಹೆದರಬೇಡಿರಿ ಎಂದು ಆರಂಭಿಸಿದ ಅವನು, ನೀವು ಪಾಪಮಾಡದಂತೆ ದೇವರ ಭಯವು ನಿಮ್ಮಲ್ಲಿರಬೇಕೆಂದೇ ಆತನು ಬಂದಿದ್ದಾನೆ ಎಂದು ಮುಗಿಸುತ್ತಾನೆ. ಒಂದೇ ಮಾತಿನಲ್ಲಿ ಭಯವನ್ನು ನಿಷೇಧಿಸಿ ಭಯವನ್ನೇ ವಿಧಿಸಿದಂತೆ ಕಾಣುತ್ತದೆ. ದೇವಭಯವೆಂದರೇನು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರವೇಶವಿಲ್ಲ: ಮೋಶೆ ಬೇಡವೆಂದ ಭಯ ಜನರನ್ನು ದೇವರಿಂದ ದೂರ ಓಡಿಸುವಂಥದ್ದು, ಅವನು ಬೇಕೆಂದ ಭಯ ಅವರನ್ನು ಪಾಪದಿಂದ ದೂರವಿರಿಸಿ ದೇವರ ಸಮ್ಮುಖದಲ್ಲಿ ನಿಲ್ಲಿಸುವಂಥದ್ದು.

ಮೊದಲನೆಯ ಬಗೆಯ ಭಯಕ್ಕೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ಬಹಳ ಹಳೆಯ ಉದಾಹರಣೆಯಿದೆ. ಆಜ್ಞೆಯನ್ನು ಮೀರಿದ ಆದಾಮನು ದೇವರ ಸಪ್ಪಳ ಕೇಳಿ ಹೆದರಿ ಮರಗಳ ನಡುವೆ ಅಡಗಿಕೊಂಡನು. ಶಿಕ್ಷೆಯನ್ನು ಮಾತ್ರ ನೆನೆಯುವ ಈ ಭಯವನ್ನೇ ಪೂರ್ಣಪ್ರೀತಿಯು ಹೊರದೂಡುತ್ತದೆಂದು ಯೋಹಾನನ ಮೊದಲನೆಯ ಪತ್ರಿಕೆ (4:18) ಹೇಳುತ್ತದೆ. ಮಧ್ಯಯುಗದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್, ತನಗಿಂತ ಹಿಂದಿನವರ ವಿಚಾರಗಳನ್ನು ಅನುಸರಿಸಿ, ದಾಸನ ಭಯವನ್ನೂ ಮಗನ ಭಯವನ್ನೂ ಬೇರ್ಪಡಿಸಿ ವಿವರಿಸಿದನು. ದಾಸನು ದಂಡನೆಗೆ ಅಂಜುತ್ತಾನೆ. ಮಗನು ತಂದೆಯನ್ನು ನೋಯಿಸುವುದಕ್ಕೂ ಆತನಿಂದ ಅಗಲುವುದಕ್ಕೂ ಅಂಜುತ್ತಾನೆ. ಕಥೋಲಿಕ ಸಂಪ್ರದಾಯವು ಪವಿತ್ರಾತ್ಮನ ಏಳು ವರಗಳಲ್ಲಿ ದೇವಭಯವನ್ನೂ ಎಣಿಸುತ್ತದೆ. ಮಾರ್ಟಿನ್ ಲೂಥರನು 1529ರ ತನ್ನ ಕಿರು ಪ್ರಶ್ನೋತ್ತರ ಪಾಠದಲ್ಲಿ ಹತ್ತು ಆಜ್ಞೆಗಳನ್ನು ವಿವರಿಸುವಾಗ ದೇವರಿಗೆ ಭಯಪಡುವುದನ್ನೂ ಆತನನ್ನು ಪ್ರೀತಿಸುವುದನ್ನೂ ಮತ್ತೆ ಮತ್ತೆ ಜೊತೆಯಾಗಿಯೇ ಹೇಳಿದನು. ಬೇರೆ ಅನೇಕ ವಿಷಯಗಳಲ್ಲಿ ಭಿನ್ನವಾದ ಈ ಪರಂಪರೆಗಳು ಭಯವನ್ನು ಪ್ರೀತಿಯ ವಿರೋಧಿಯೆಂದು ಕಾಣದಿರುವುದು ಗಮನಾರ್ಹ.

ಆದರೆ ಈ ವಿಷಯದ ತಿರುಳು ನನಗೆ ಕಾಣುವುದು 130ನೆಯ ಕೀರ್ತನೆಯಲ್ಲಿ. ದೇವರು ಪಾಪಗಳನ್ನು ಎಣಿಸುತ್ತಾ ಹೋದರೆ ಆತನ ಮುಂದೆ ಯಾರೂ ನಿಲ್ಲಲಾರರೆಂದು ಕೀರ್ತನೆಗಾರನು ಒಪ್ಪಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಆತನು ದಂಡಿಸುವವನು, ಆದ್ದರಿಂದ ಭಯಪಡಬೇಕು ಎಂದು ಅವನು ಹೇಳಬಹುದಾಗಿತ್ತು. ಅವನು ಹೇಳುವುದೇ ಬೇರೆ: ನಿನ್ನಲ್ಲಿ ಕ್ಷಮೆಯುಂಟು, ಆದ್ದರಿಂದಲೇ ನೀನು ಭಯಭಕ್ತಿಗೆ ಪಾತ್ರನು. ಕ್ಷಮೆಯನ್ನು ಹೊಂದಿದವನಿಗೆ ತಾನು ಎಷ್ಟು ದೊಡ್ಡ ಸಾಲದಿಂದ ಬಿಡುಗಡೆಯಾದನೆಂಬುದೂ, ಬಿಡಿಸಿದವನು ಎಷ್ಟು ಪರಿಶುದ್ಧನೆಂಬುದೂ ತಿಳಿದಿರುತ್ತದೆ. ಆ ತಿಳಿವು ಅವನನ್ನು ದೇವರ ವಿಷಯದಲ್ಲಿ ಉಡಾಫೆಯಿಂದ ಇರಗೊಡುವುದಿಲ್ಲ. ಕ್ಷಮೆ ಸಿಕ್ಕಿತೆಂದು ಭಯಭಕ್ತಿಯನ್ನು ಬಿಟ್ಟುಬಿಡುವವರು ಕ್ಷಮೆಯನ್ನೂ ಸರಿಯಾಗಿ ಅರಿತಿಲ್ಲವೆಂದೇ ಹೇಳಬೇಕಾಗುತ್ತದೆ.

ಇಂಥ ಭಯವು ಆರಾಧನೆಯ ಹೊತ್ತಿನ ಒಂದು ಭಾವನೆಯಾಗಿ ಉಳಿಯುವುದಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಕಿವುಡರನ್ನು ಶಪಿಸಬಾರದು, ಕುರುಡರ ದಾರಿಯಲ್ಲಿ ಎಡವುಗಲ್ಲನ್ನು ಇಡಬಾರದು, ನಿಮ್ಮ ದೇವರಿಗೆ ಭಯಪಡಬೇಕು ಎಂಬ ಆಜ್ಞೆಯಿದೆ. ಶಾಪವು ಕಿವುಡನಿಗೆ ಕೇಳಿಸದು, ಕಲ್ಲಿಟ್ಟವನು ಕುರುಡನಿಗೆ ಕಾಣಿಸನು. ದೂರು ಕೊಡಬಲ್ಲವರೂ ತಡೆಯಬಲ್ಲವರೂ ಇಲ್ಲದ ಕಡೆಯಲ್ಲೇ ದೇವರ ಹೆಸರು ಬರುತ್ತದೆ. ಅದೇ ಅಧ್ಯಾಯ ವೃದ್ಧರನ್ನು ಗೌರವಿಸುವಂತೆ ಹೇಳುವಾಗಲೂ, 25ನೆಯ ಅಧ್ಯಾಯ ಬಡತನದಿಂದ ತನ್ನನ್ನು ಮಾರಿಕೊಂಡ ಸಹೋದರನನ್ನು ಕ್ರೂರವಾಗಿ ದುಡಿಸಬಾರದೆಂದು ಹೇಳುವಾಗಲೂ ಇದೇ ಕಾರಣವನ್ನು ಕೊಡುತ್ತವೆ. ನೆಹೆಮೀಯನು ಯೆಹೂದ ದೇಶದ ಅಧಿಪತಿಯಾಗಿದ್ದ 12 ವರ್ಷ, ಹಿಂದಿನ ಅಧಿಪತಿಗಳು ಜನರಿಂದ ಆಹಾರ, ದ್ರಾಕ್ಷಾರಸಗಳ ಜೊತೆಗೆ 40 ಶೆಕೆಲ್ ಬೆಳ್ಳಿಯನ್ನು ವಸೂಲು ಮಾಡುತ್ತಿದ್ದರೂ, ತನಗೆ ಸಲ್ಲಬೇಕಾದ ಆಹಾರಭತ್ಯವನ್ನೂ ತೆಗೆದುಕೊಳ್ಳಲಿಲ್ಲ. ದೇವರ ಭಯದಿಂದಲೇ ತಾನು ಹಾಗೆ ಮಾಡಲಿಲ್ಲವೆಂದು ಅವನು ಬರೆದಿದ್ದಾನೆ. ಅಧಿಕಾರವಿದ್ದೂ ದುರ್ಬಲರ ಮೇಲೆ ಅದನ್ನು ಹೇರದಿರುವುದು ದೇವಭಯದ ಅತ್ಯಂತ ವಿಶ್ವಾಸಾರ್ಹ ಗುರುತು ಎಂದು ನಾನು ನಂಬುತ್ತೇನೆ.

ವಿಧೇಯತೆಯು ದೇವಭಯಕ್ಕೆ ಸೇರುವುದು ಇಲ್ಲಿಯೇ. ಧರ್ಮೋಪದೇಶಕಾಂಡ 10:12 ಭಯಪಡುವುದು, ಆತನ ಮಾರ್ಗದಲ್ಲಿ ನಡೆಯುವುದು, ಪ್ರೀತಿಸುವುದು, ಸೇವಿಸುವುದು ಇವುಗಳನ್ನು ಒಟ್ಟಿಗೆ ಹೇಳುತ್ತದೆ. ಅಮಾಲೇಕ್ಯರೊಡನೆ ಯುದ್ಧಮಾಡಿದ ಅರಸನಾದ ಸೌಲನು, ಎಲ್ಲವನ್ನೂ ನಾಶಮಾಡಬೇಕೆಂಬ ದೇವರ ಆಜ್ಞೆಯಿದ್ದರೂ ಉತ್ತಮವಾದ ಕುರಿದನಗಳನ್ನು ಉಳಿಸಿಕೊಂಡು, ದೇವರಿಗೆ ಯಜ್ಞಮಾಡಲಿಕ್ಕಾಗಿ ಉಳಿಸಿದೆವೆಂದು ಸಮರ್ಥಿಸಿಕೊಂಡಾಗ, ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮವೆಂದು ಪ್ರವಾದಿಯಾದ ಸಮುವೇಲನು ಉತ್ತರಿಸಿದನು. ಆ ಬಳಿಕ ಸೌಲನ ಬಾಯಿಂದಲೇ ನಿಜ ಹೊರಬಿತ್ತು: ಜನರಿಗೆ ಹೆದರಿ ಅವರ ಮಾತು ಕೇಳಿದೆನು. ಅವಿಧೇಯತೆಯ ಹಿಂದೆಯೂ ಭಯವೇ ಇತ್ತು, ಆದರೆ ಅದು ಮನುಷ್ಯರ ಭಯ.

ಇದಕ್ಕೆ ತದ್ವಿರುದ್ಧವಾಗಿ, ಐಗುಪ್ತದಲ್ಲಿ ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಫರೋಹನ ಅಪ್ಪಣೆಯನ್ನು ಇಬ್ಬರು ಸೂಲಗಿತ್ತಿಯರು ದೇವರಿಗೆ ಭಯಪಟ್ಟದ್ದರಿಂದಲೇ ಪಾಲಿಸಲಿಲ್ಲ. ಯೆಹೂದ್ಯರ ನ್ಯಾಯಮಂಡಲಿಯಾದ ಹಿರೀಸಭೆಯ ಮುಂದೆ ನಿಂತ ಪೇತ್ರನೂ ಯೇಸುವಿನ ಇತರ ಅಪೊಸ್ತಲರೂ ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದರು. ದೇವಭಯದ ಹೆಸರಿನಲ್ಲಿ ತಮ್ಮ ಮಾತಿಗೆ ಪ್ರಶ್ನಾತೀತ ವಿಧೇಯತೆಯನ್ನು ಬೇಡುವ ನಾಯಕರು ಎಲ್ಲಿಯೇ ಇರಲಿ, ಅವರು ಈ ಪದವನ್ನು ತಲೆಕೆಳಗು ಮಾಡುತ್ತಿದ್ದಾರೆ ಎಂಬುದನ್ನು ಸ್ಪಷ್ಟವಾಗಿಯೇ ಹೇಳಬೇಕು.

ಕ್ರೈಸ್ತರಿಗೆ ಈ ಭಯಭಕ್ತಿಯ ಪೂರ್ಣರೂಪ ಯೇಸುವಿನಲ್ಲಿದೆ. ಅರಸನಾದ ದಾವೀದನ ತಂದೆ ಇಷಯನ ಬುಡದಿಂದ ಹೊರಡುವ ಚಿಗುರಿನ ಮೇಲೆ, ಅಂದರೆ ಅವನ ವಂಶದಲ್ಲಿ ಹುಟ್ಟುವವನ ಮೇಲೆ, ಯೆಹೋವನ ಭಯವನ್ನು ಹುಟ್ಟಿಸುವ ಆತ್ಮವು ನೆಲೆಗೊಳ್ಳುವುದೆಂದು ಯೆಶಾಯ 11ನೆಯ ಅಧ್ಯಾಯ ನುಡಿದಿತ್ತು. ಯೇಸು ದೇವರ ಮಗನಾಗಿದ್ದರೂ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನೆಂದು ಇಬ್ರಿಯರಿಗೆ ಬರೆದ ಪತ್ರಿಕೆ ತಿಳಿಸುತ್ತದೆ. ಫಿಲಿಪ್ಪಿಯವರಿಗೆ ಬರೆದ ಪೌಲನು, ಶಿಲುಬೆಯ ಮರಣದವರೆಗೂ ಆತನು ವಿಧೇಯನಾದುದನ್ನು ಹೇಳಿದ ಮೇಲೆಯೇ ಭಯದಿಂದಲೂ ನಡುಕದಿಂದಲೂ ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಎನ್ನುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಮುಂದಿನ ವಚನದಲ್ಲೇ ಇದೆ: ಹಾಗೆ ಮಾಡುವ ಇಚ್ಛೆಯನ್ನೂ ಶಕ್ತಿಯನ್ನೂ ನಿಮ್ಮಲ್ಲಿ ಉಂಟುಮಾಡುವವನು ದೇವರೇ.