ಹುಣಸೆಹಣ್ಣಿಗೆ ಹೋದ ಹೆಸರು

ಪುಣೆಯ ಖಡಕಿಯ ನಮ್ಮ ಅಂಗಡಿಯಲ್ಲಿ ಮೆಡಲ್‌ಗಳಿಗೆ ಹೊಸ ರಿಬ್ಬನ್ ಹಾಕಿ, ಕ್ರಮವಾಗಿ ಎದೆಗೆ ಸಿಕ್ಕಿಸುವ ಬಾರ್‌ಗೆ ಕೂರಿಸಿಕೊಡುತ್ತೇವೆ. ಹೋದ ಆಗಸ್ಟ್‌ನಲ್ಲಿ ಬೈಲಹೊಂಗಲ ಕಡೆಯ ಅಜ್ಜಿಯೊಬ್ಬರು ಪೇಡೆ ಡಬ್ಬಿ ತಂದು ಮುಂದಿಟ್ಟರು. ತೀರಿಕೊಂಡ ಯಜಮಾನರ ಮೆಡಲ್‌ಗಳು. ಪಿಂಪ್ರಿಯಲ್ಲಿ ಮಗನ ಸೊಸೈಟಿಯ ಧ್ವಜಾರೋಹಣಕ್ಕೆ ಹಾಕಿಕೊಳ್ಳಬೇಕಂತೆ.

"ವರ್ಷಾ ದೀಪಾವಳಿಗೆ ಹುಣಸಿಹಣ್ಣ ಹಚ್ಚಿ ತಿಕ್ಕೇನ್ರಿ. ಹೆಂಗ ಹೊಳೀತಾವ ನೋಡ್ರಿ!"

1971ರ ಯುದ್ಧದ ಸಂಗ್ರಾಮ ಮೆಡಲನ್ನು ಬೆಳಕಿಗೆ ಹಿಡಿದು ಅಂಚು ನೋಡಿದೆ. ಸೈನಿಕನ ನಂಬರ್, ರ್‍ಯಾಂಕ್, ಹೆಸರು ಕೊರೆದಿರುವುದು ಅಲ್ಲೇ. ಉಳಿದಿದ್ದು ನಂಬರಿನ ಕೊನೆಯ ಎರಡು ಅಂಕಿ. ಇಂಥ ಮೆಡಲ್ ಲಕ್ಷಾಂತರ ಜನರಿಗೆ ಸಿಕ್ಕಿದೆ, ನಕಲೂ ಸಿಗುತ್ತದೆ. ಇದು ಇವರದೇ ಎನ್ನಲು ಇದ್ದದ್ದು ಆ ಅಂಚೊಂದೇ. ಬ್ರಾಸೋ ಪಾಲಿಶ್ ಕೂಡ ಬೇಡ. ಒಣ ಹತ್ತಿಬಟ್ಟೆ ಸಾಕು, ಕಪ್ಪಾದರೆ ಕಪ್ಪಾಗಲಿ.

"ಬಂಗಾರದ್ದು ಯಾವಂಗ ಕೊಡ್ತಾರ್ರಿ?" ಎಂದರು. ಹೆಚ್ಚಿನವರು ಕೇಳುವುದೂ ಇದನ್ನೇ. ಯುದ್ಧಶೌರ್ಯಕ್ಕೆ ಎಲ್ಲಕ್ಕಿಂತ ದೊಡ್ಡದಾದ ಪರಮವೀರ ಚಕ್ರ ಕಂಚಿನದು. ಅದರ ಕೆಳಗಿನ ಮಹಾವೀರ ಚಕ್ರ, ವೀರ ಚಕ್ರ ಬೆಳ್ಳಿಯವು. ವಿನ್ಯಾಸ ಮಾಡಿದ ಸಾವಿತ್ರಿ ಖಾನೋಲ್ಕರ್ ಆ ಕಂಚಿನ ಮೇಲೆ ಇಂದ್ರನ ವಜ್ರಾಯುಧವನ್ನು ನಾಲ್ಕು ಸಲ ಮೂಡಿಸಿದರು. ರಿಬ್ಬನ್ ಬರೀ ನೇರಳೆ, ಒಂದು ಗೆರೆಯೂ ಇಲ್ಲ. ನಮ್ಮ ಕಾರವಾರದ ಚೆಂಡಿಯಾ ಊರಿನ ರಾಮ ರಾಘೋಬಾ ರಾಣೆ ಅವರಿಗೆ ಸಿಕ್ಕಿದ್ದು ಇದೇ. ಇದೇ ಖಡಕಿಯ ಸೇನಾ ಎಂಜಿನಿಯರ್ ಪಡೆ ಬಾಂಬೆ ಸ್ಯಾಪರ್ಸ್‌ನವರು. 1948ರಲ್ಲಿ ನೌಶೇರಾ–ರಜೌರಿ ದಾರಿಯ ಮೈನ್‌ಗಳನ್ನು ತೆಗೆದು ಟ್ಯಾಂಕ್‌ಗಳಿಗೆ ಹಾದಿ ಮಾಡಿಕೊಟ್ಟವರು.

ಯುದ್ಧವಿಲ್ಲದಾಗಿನ ಶೌರ್ಯಕ್ಕೆ ಅಶೋಕ ಚಕ್ರ. ಅದು ಸೈನಿಕರಿಗಷ್ಟೇ ಅಲ್ಲ. ಮುಂಬೈ ಪೊಲೀಸ್‌ನ ತುಕಾರಾಂ ಓಂಬಳೆ ಅವರಿಗೆ 2009ರಲ್ಲಿ ಮರಣೋತ್ತರವಾಗಿ ಬಂತು.

ಬಾರ್‌ನಲ್ಲಿ ಯಾವುದರ ಪಕ್ಕ ಯಾವುದು ಎಂಬುದಕ್ಕೆ ಸರ್ಕಾರದ್ದೇ ಪಟ್ಟಿಯಿದೆ. ದೊಡ್ಡದು ಎದೆಯ ನಡುವಿನ ಕಡೆಗೆ. ಪಟ್ಟಿಯಲ್ಲಿ ಪರಮ ವಿಶಿಷ್ಟ ಸೇವಾ ಮೆಡಲ್ ಮಹಾವೀರ ಚಕ್ರಕ್ಕಿಂತ ಮೇಲಿದೆ. ಗುಂಡಿಗೆ ಎದೆಯೊಡ್ಡಿದ್ದಕ್ಕಿಂತ ವಿಶಿಷ್ಟ ಸೇವೆ ಮುಂದೆ ಬರುವುದು ನನಗಂತೂ ಒಪ್ಪಿಗೆಯಿಲ್ಲ. ಆದರೂ ಪಟ್ಟಿಯಂತೆಯೇ ಹೊಲಿಯುತ್ತೇನೆ.

ಅಜ್ಜಿ ಬಾರನ್ನು ಎಡಗಡೆ ಸೆರಗಿನ ಮೇಲೆ ಹಿಡಿದು ನೋಡಿಕೊಂಡರು. "ಅವ್ವಾರ, ಎಡಕ್ಕ ಹಾಕೋದು ಗಳಿಸಿದವರು. ಮನಿಯವರು ಬಲಕ್ಕ ಹಾಕೋದು ವಾಡಿಕಿ" ಎಂದೆ.

"ಆತು, ಬಲಕ್ಕ ಹಚ್ಚು. ಸೆಲ್ಯೂಟೂ ಎಡಗೈಲೆ ಹೊಡೀಬೇಕೇನ ಮತ್ತ?"

ನಗು ತಡೆದುಕೊಂಡು ಪಿನ್ ಹುಡುಕಿದೆ.