ಬಿಇಒ ಅಂದರೆ ನಮ್ಮ ಸುದ್ದಿಯಲ್ಲ

ಜುಲೈ ತಿಂಗಳ ಒಂದು ರಾತ್ರಿ. ಹೊರಗೆ ಜಡಿಮಳೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಫೋಟೋ ಬಂದು ಬಿತ್ತು. ಮಳೆಯ ಕಾರಣ ನಾಳೆ ಜಿಲ್ಲೆಯ ಎಲ್ಲ ಶಾಲೆ, ಪಿಯು ಕಾಲೇಜುಗಳಿಗೆ ರಜೆ ಅಂತ. ಕೆಳಗೆ ಸಹಿ, ಸೀಲು ಎಲ್ಲ ಇತ್ತು. ಮರುದಿನ ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ನಮಗೆ ರಜೆ ಇರಲೇ ಇಲ್ಲ!

ಹಾಗಂತ ಅದು ಸುಳ್ಳು ಫೋಟೋ ಅಲ್ಲ. ದಕ್ಷಿಣ ಕನ್ನಡದ ಅಸಲಿ ಆದೇಶ. ಯಾರೋ ಮೇಲಿನ ಎರಡು ಸಾಲು ಕತ್ತರಿಸಿ ಕಳಿಸಿದ್ದರು. ತಲಪಾಡಿಯ ಗಡಿ ದಾಟುವಾಗ ಜಿಲ್ಲೆಯ ಹೆಸರು ಬಿದ್ದುಹೋಗಿತ್ತು, ಅಷ್ಟೇ.

ಶಾಲೆಯಲ್ಲಿ ಮಕ್ಕಳ ಐಟಿ ಕ್ಲಬ್ ಆದ ಲಿಟಲ್ ಕೈಟ್ಸ್ ಘಟಕ ನೋಡಿಕೊಳ್ಳುವವನು ನಾನು. ಭಾನುವಾರಗಳಲ್ಲಿ ಊರಿನ ಹಿರಿಯರಿಗೆ ಮೊಬೈಲ್ ಪಾಠವನ್ನೂ ಮಾಡುತ್ತೇನೆ. ನಾನು ಕಂಡಂತೆ, ಇಲ್ಲಿ ಜನರ ದಾರಿ ತಪ್ಪಿಸುವುದರಲ್ಲಿ ಹಸಿ ಸುಳ್ಳಿಗಿಂತ ಪಕ್ಕದ ರಾಜ್ಯದ ನಿಜದ ಪಾಲೇ ಜಾಸ್ತಿ. ನಾವು ಓದುವ ಕನ್ನಡ ಮಂಗಳೂರು, ಬೆಂಗಳೂರಿನಿಂದ ಬರುತ್ತದೆ. ಆದರೆ 1956ರ ನವೆಂಬರ್ 1ರಿಂದ ನಮಗೆ ಆದೇಶ ಬರುವುದು ತಿರುವನಂತಪುರದಿಂದ, ಬಹುಪಾಲು ಮಲಯಾಳದಲ್ಲಿ.

ಕರ್ನಾಟಕದಲ್ಲಿ ಗೃಹಲಕ್ಷ್ಮಿ ಶುರುವಾದ 2023ರಲ್ಲಿ ಇದು ಕಣ್ಣಿಗೆ ರಾಚುವಂತೆ ಕಂಡಿತು. ತಿಂಗಳಿಗೆ 2000 ರೂಪಾಯಿ ಅಂದರೆ ಯಾರಿಗೆ ಬೇಡ? ನಮ್ಮ ಕಡೆಯ ಮಹಿಳಾ ಸ್ವಸಹಾಯ ಸಂಘಟನೆ ಕುಟುಂಬಶ್ರೀಯ ಒಬ್ಬರು ಅಕ್ಕ ಫೋನ್ ಹಿಡಿದುಕೊಂಡು ಬಂದರು. ಲಿಂಕ್ ಒತ್ತಿ ಆಧಾರ್ ನಂಬರ್ ತುಂಬಿಸಿ ಆಗಿತ್ತು. ಒಟಿಪಿ ಬಂದಿತ್ತು. ಹಾಕಬೇಕಾ ಅಂತ ಕೇಳಲು ಬಂದದ್ದು, ಪುಣ್ಯಕ್ಕೆ. ಯೋಜನೆ ನಿಜವೇ, ಆದರೆ ಅದಕ್ಕೆ ಕರ್ನಾಟಕದ ರೇಷನ್ ಕಾರ್ಡ್ ಬೇಕು ಅಂದೆ. 'ಟಿವಿಯಲ್ಲೂ ಬಂದಿದೆಯಲ್ಲ ಸಾರ್' ಅಂದರು. ಬಂದದ್ದು ಹೌದು. ಮೋಸದ ಲಿಂಕಿಗೆ ಬೇಕಾದ ನಂಬಿಕೆಯನ್ನು ನಿಜ ಸುದ್ದಿಯೇ ಕೊಟ್ಟಿತ್ತು.

ಸರ್ಕಾರ ಏನೂ ಮಾಡಿಲ್ಲ ಅನ್ನಲಾರೆ. 2025ರ ಆಗಸ್ಟ್ 21ರಂದು ಕೇರಳ ಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯ ಅಂತ ಘೋಷಣೆಯಾಯಿತು. ಅದಕ್ಕಾಗಿ ನಡೆದ ಡಿಜಿ ಕೇರಳಂ ಅಭಿಯಾನದಲ್ಲಿ ಕಲಿತವರು ಸುಮಾರು 21.87 ಲಕ್ಷ ಮಂದಿ. ನನ್ನ ಪಾಠಕ್ಕೆ ಬರುವ ಅಜ್ಜಿಯಂದಿರು ಈಗ ಗಲ್ಫಿನಲ್ಲಿರುವ ಮಗನಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಆದರೆ ನಾನೇ ಅವರಿಗೆ ಒತ್ತುವುದನ್ನು ಕಲಿಸಿದಷ್ಟು ಅನುಮಾನಿಸುವುದನ್ನು ಕಲಿಸಲಿಲ್ಲ. ಮಕ್ಕಳ ವಿಷಯದಲ್ಲಿ ಕೇರಳದ ಶಾಲೆಗಳ ಐಟಿ ಕಲಿಕೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕೈಟ್ ಚುರುಕಾಗಿದೆ. 'ಸತ್ಯಮೇವ ಜಯತೇ' ತರಬೇತಿ ನಡೆಸಿತು. 2024ರಲ್ಲಿ 5 ಮತ್ತು 7ನೇ ತರಗತಿಯ ಐಸಿಟಿ ಪುಸ್ತಕಕ್ಕೆ ಸುಳ್ಳು ಸುದ್ದಿ ಪತ್ತೆಯ ಪಾಠವನ್ನೂ ತಂದಿತು.

ಕೇಸು ಹಾಕಿ ಬುದ್ಧಿ ಕಲಿಸಿ ಅನ್ನುವವರೂ ಇದ್ದಾರೆ. ಆ ದಾರಿಯಲ್ಲೂ ಹೋಗಿ ನೋಡಿಯಾಗಿದೆ. ಕಿರಿಕಿರಿ ತರುವ ಸಂದೇಶಕ್ಕೆ ಶಿಕ್ಷೆ ಹೇಳುತ್ತಿದ್ದ ಐಟಿ ಕಾಯ್ದೆಯ 66ಎ, ಜೊತೆಗೆ ಕೇರಳ ಪೊಲೀಸ್ ಕಾಯ್ದೆಯ 118(ಡಿ), ಎರಡನ್ನೂ 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. 2020ರ ನವೆಂಬರ್‌ನಲ್ಲಿ ಕೇರಳದಲ್ಲಿ ಬಂದ ಅಂಥದ್ದೇ 118ಎ ಸುಗ್ರೀವಾಜ್ಞೆ ವಾರದೊಳಗೇ ವಾಪಸ್ ಹೋಯಿತು. ಅಲ್ಲ, ರಜೆಯ ಫೋಟೋ ಫಾರ್ವರ್ಡ್ ಮಾಡಿದ ಅಮ್ಮನ ಮೇಲೆ ಯಾವ ಸೆಕ್ಷನ್ ಹಾಕುವುದು?

ನನ್ನ ಬೇಡಿಕೆ ಸಣ್ಣದು. ಮಲಯಾಳದಲ್ಲಿ ಪ್ರಕಟಣೆ ಹೊರಟ ಗಂಟೆಯಲ್ಲೇ ಕನ್ನಡದ್ದೂ ಹೊರಡಲಿ. ಜಿಲ್ಲೆಯ ಹೆಸರು, ತಾರೀಕು ಪ್ರತಿ ಸಾಲಿನಲ್ಲೂ ಇರಲಿ. ಆಗ ಕತ್ತರಿಸಿದರೂ ಉಳಿಯುತ್ತದೆ. ಒಮ್ಮೆ ಒಂದು ಇಲಾಖೆಯ ಸುತ್ತೋಲೆಯ ಕನ್ನಡ ಪ್ರತಿ ನಮ್ಮ ಕೈಸೇರಿದಾಗ ಅರ್ಜಿಯ ಕೊನೆ ದಿನ ಕಳೆದು ಮೂರು ದಿನವಾಗಿತ್ತು. ಅಷ್ಟರವರೆಗೆ ಜನ ಸುಮ್ನೆ ಕೂರುತ್ತಾರಾ? ಕೈಗೆ ಸಿಕ್ಕಿದ್ದನ್ನು ನಂಬುತ್ತಾರೆ. ಕುಟುಂಬಶ್ರೀಯ ನೆರೆಕರೆ ಕೂಟ, ಗ್ರಂಥಾಲಯ, ಸರ್ಕಾರಿ ಸೇವೆ ಕೊಡುವ ಅಕ್ಷಯ ಕೇಂದ್ರ ಎಲ್ಲವೂ ಊರಲ್ಲೇ ಇವೆ. ಅಲ್ಲಿ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಸಿಗಬೇಕು.

ಆ ರಜೆಯ ಫೋಟೋವನ್ನು ಮರುವಾರ ಮಕ್ಕಳ ಮುಂದಿಟ್ಟೆ. ಇದು ನಮ್ಮದಲ್ಲ ಅಂತ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದೆ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಫೋಟೋ ದೊಡ್ಡದು ಮಾಡಿ ನೋಡಿದಳು. 'ಸಾರ್, ಬಿಇಒ ಅಂತ ಇದೆ. ನಮ್ಮಲ್ಲಿ ಎಇಒ ಅಲ್ವಾ?' ಶಿಕ್ಷಣಾಧಿಕಾರಿ ಅತ್ತ ಕರ್ನಾಟಕದಲ್ಲಿ ಬಿಇಒ, ಇತ್ತ ಕೇರಳದಲ್ಲಿ ಎಇಒ. ಇನ್ನೊಬ್ಬ, 'ಪಿಯು ಕಾಲೇಜು ಅಂತಿದೆ, ನಮ್ಮದು ಪ್ಲಸ್ ಟು' ಅಂದ. ನನಗೇ ಹೊಳೆದಿರಲಿಲ್ಲ! ಆಮೇಲೆ ಪಟ್ಟಿ ಬೆಳೆಯಿತು. ಪಿಡಿಒ ಅಂದರೆ ಅತ್ತ, ಪಂಚಾಯತ್ ಸೆಕ್ರೆಟರಿ ಅಂದರೆ ಇತ್ತ. ಗ್ರಾಮ ಒನ್ ಅತ್ತ, ಅಕ್ಷಯ ಇತ್ತ. ಇಂದು ರಾತ್ರಿ ಕರೆಂಟ್ ಕಟ್ ಆಗುತ್ತದೆ ಅಂತ ಮೆಸ್ಕಾಂ ಹೆಸರಲ್ಲಿ ಮೆಸೇಜ್ ಬಂದರೆ ನೋಡುವುದೇ ಬೇಡ, ನಮಗೆ ಕರೆಂಟ್ ಕೊಡುವುದು ಕೇರಳದ ಕೆಎಸ್‌ಇಬಿ. ಆನ್‌ಲೈನ್ ಮೋಸದಲ್ಲಿ ದುಡ್ಡು ಹೋದರೆ ಮಾತ್ರ ದೂರು ಕೊಡಲು ಎರಡೂ ಕಡೆಗೆ ಒಂದೇ ನಂಬರ್, 1930.

ಮಕ್ಕಳು ಆ ಪಟ್ಟಿಯನ್ನು ದಪ್ಪಕ್ಷರದಲ್ಲಿ ಬರೆದು ರೇಷನ್ ಅಂಗಡಿಯ ಗೋಡೆಗೆ ಅಂಟಿಸಿದರು. ಮೊನ್ನೆ ನೋಡಿದೆ, ಯಾರೋ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: 'ಹೆಂಗಸರಿಗೆ ಫ್ರೀ ಬಸ್ಸು – ಅತ್ತ.'